ವಿನ್ ಅಣ್ಣನ ದೀಪ

ಸುವಾಂಗ್ ಅಕ್ಕನ ಸಿಗಡಿ ದೋಣಿಯಲ್ಲಿ, ಜನರೇಟರ್ ಮುಂದೆ ಬೆಳಗಿನಿಂದ ಮೊಣಕಾಲೂರಿ ಕೂತಿದ್ದೆ. ಅಮೆರಿಕದ ಬಿಲಾಕ್ಸಿ ಬಂದರಿನ ಆಗಸ್ಟ್ ಸೆಕೆ, ಸಾಲದ್ದಕ್ಕೆ ಡೀಸೆಲ್ ವಾಸನೆ. ಮೂವತ್ತೆಂಟು ವರ್ಷದಿಂದ ದೋಣಿಗಳ ಕರೆಂಟ್ ರಿಪೇರಿ, ಇದೇ ಕೆಲಸ. ಈಗೀಗ ಕೂರುವುದಕ್ಕಿಂತ ಏಳುವುದೇ ಕಷ್ಟ. ನಮ್ಮ ವಿಯೆಟ್ನಾಮಿ ಜನರಂತೂ ಬದಲಾಗುವುದಿಲ್ಲ. ಮೊದಲು ಮನೆಯವರು ಕೈಯಾಡಿಸಬೇಕು, ಆಮೇಲೆ ಪಕ್ಕದ ದೋಣಿಯವನು ಕೈಯಾಡಿಸಬೇಕು, ಎಲ್ಲ ಕೆಟ್ಟ ಮೇಲೆ ನನ್ನ ನೆನಪು.

"ಚಿಕ್ಕಪ್ಪ, ಫ್ರೀಜರಿಗೆ ನೀರು ಹಾಯ್ಸೋಕೆ ಇದು ಮೂರನೇ ಪಂಪು," ಎಂದ ಅಕ್ಕನ ಮಗ ತ್ವಾನ್. "ಹಾಕಿದ್ದೆಲ್ಲ ಸುಟ್ಟುಹೋಗ್ತಿದೆ. ಅಡುಗೆಮನೇಲಿ ರೈಸ್ ಕುಕ್ಕರೂ ಹೋಯ್ತು, ರೇಡಿಯೋನೂ ಹೋಯ್ತು. ನಾಳೆ ಹೊರಡ್ಬೇಕು."

"ಮೀಟರ್ ಇಟ್ಟು ನೋಡ್ಬಾರ್ದಿತ್ತೇನೋ?"

"ಮಾವ ನೋಡಿದ್ರಲ್ಲ. ಎರಡು ಲೈನ್ ಮಧ್ಯೆ ಇನ್ನೂರ ನಲವತ್ತು ವೋಲ್ಟ್ ಸರಿಯಾಗೇ ಇದೆ."

"ನಿಮ್ಮ ಮಾವ ಲೆಕ್ಕ ಸರಿಬಂದ್ರೆ ಸಾಕು, ಮನೆ ಹೊತ್ತಿ ಉರಿದ್ರೂ ಸುಮ್ನಿರ್ತಾನೆ. ಒಂದೊಂದೇ ಲೈನ್ ಬಿಡಿಬಿಡಿಯಾಗಿ ನೋಡ್ಬೇಕು ಕಣೋ."

ಅವನು ನಗುತ್ತಾ ಐಸ್ ತರಲು ಹೋದ. ನನಗೆ ನಗುವಷ್ಟೂ ತ್ರಾಣವಿರಲಿಲ್ಲ.

ಜನರೇಟರಿನ ಮೇಲೇ ಅಡುಗೆಮನೆ. ನೆಲದ ಹಲಗೆ ತೆಗೆದಿದ್ದರಿಂದ ಅಕ್ಕನ ಕಾಲುಗಳು ಕಾಣುತ್ತಿದ್ದವು, ಬಾತುಕೊಂಡಿದ್ದವು. ಎರಡು ವರ್ಷದ ಹಿಂದೆ ಅವಳ ಗಂಡ ವಿನ್ ಅಣ್ಣ ಇದೇ ದೋಣಿಯಲ್ಲಿ ಬಲೆ ಎಳೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದುಬಿದ್ದವನು ಏಳಲಿಲ್ಲ. ಅಂದಿನಿಂದ ಪ್ರತಿ ಸಲವೂ ಅಡುಗೆಗೆಂದು ಅಕ್ಕ ದೋಣಿ ಹತ್ತುತ್ತಾಳೆ. ಮನೆಯಲ್ಲಿರು ಎಂದು ಮಗ ಹೇಳಿ ಹೇಳಿ ಸೋತಿದ್ದಾನೆ. ಅಡುಗೆಮನೆಯ ಮೂಲೆಯಲ್ಲಿ ಅಣ್ಣನ ಫೋಟೋ, ಮುಂದೆ ಕಿತ್ತಳೆ ಹಣ್ಣು, ಒಂದು ಕೆಂಪು ಬಲ್ಬು.

ಪಂಪು ಚಾಲೂ ಮಾಡಿ ಮೀಟರ್ ಇಟ್ಟೆ. ಎರಡು ಲೈನಿನಲ್ಲೂ ನೂರ ಇಪ್ಪತ್ತು ಬರಬೇಕಿತ್ತು. ಪಂಪಿನ ಲೈನಿನಲ್ಲಿ ತೊಂಬತ್ತೆರಡು, ಅಡುಗೆಮನೆಯದರಲ್ಲಿ ನೂರ ನಲವತ್ತೆಂಟು.

ಮೇಲಿನಿಂದ ಅಕ್ಕ ಕೂಗಿದಳು, "ದಿಯೆನ್, ಬಂದ್ರು ನೋಡೋ!"

"ಯಾರಕ್ಕ?"

"ನಿಮ್ಮಣ್ಣ. ದೀಪ ಜೋರಾಯ್ತು. ದಿನಕ್ಕೆ ನಾಲ್ಕೈದು ಸಲ ಬರ್ತಾರೆ. ಅದಕ್ಕೇ ನಾನು ದಡದಲ್ಲಿ ಉಳಿಯಲ್ಲ."

ನನ್ನ ಕೈ ಅಲ್ಲೇ ನಿಂತಿತು. ಎರಡೂ ಲೈನಿಗೆ ಸೇರಿದ ನಡುವಿನ ನ್ಯೂಟ್ರಲ್ ತಂತಿ ಸಡಿಲವಾಗಿತ್ತು. ಅದು ಬಿಗಿಯಿದ್ದರೆ ಎರಡೂ ಲೈನು ಸಮ. ಸಡಿಲವಾದರೆ ತಕ್ಕಡಿ ವಾಲಿದ ಹಾಗೆ, ಪಂಪು ತಿರುಗಿದಾಗಲೆಲ್ಲ ಆ ಕಡೆ ಇಳಿಯುತ್ತದೆ, ಅಡುಗೆಮನೆಯ ಕಡೆ ಏರುತ್ತದೆ, ಕೆಂಪು ಬಲ್ಬು ಜೋರಾಗುತ್ತದೆ. ಟಾರ್ಚ್ ಹಾಕಿ ನೋಡಿದೆ. ಬೋಲ್ಟಿನ ಸುತ್ತ ತಂತಿಯ ಹೊದಿಕೆ ಕರಗಿ ಕಪ್ಪಾಗಿತ್ತು. ಒಣ ಮರದ ತುಂಡಿನಿಂದ ತಂತಿಯನ್ನು ಒತ್ತಿ ಹಿಡಿದೆ.

"ಅಯ್ಯೋ, ಹೋದ್ರು," ಎಂದಳು ಅಕ್ಕ.

ಬಿಟ್ಟೆ.

"ಬಂದ್ರು."

ಮತ್ತೆ ಒತ್ತಿದೆ. ಈ ಸಲ ಅವಳು ಬಗ್ಗಿ, ನನ್ನ ಕೈಯನ್ನೂ ಮರದ ತುಂಡನ್ನೂ ನೋಡಿದಳು. ನನಗೆ ನಾಚಿಕೆಯಾಯಿತು. ಏನಾದರೂ ಸುಳ್ಳು ಹೇಳಬಹುದಿತ್ತು, ಆದರೆ ಅಷ್ಟು ದಣಿದವನಿಗೆ ಸುಳ್ಳೂ ಹೊಳೆಯುವುದಿಲ್ಲ.

"ಹಾಗಾದ್ರೆ ಅವರಲ್ವಾ?"

"ಅಲ್ಲಕ್ಕ. ತಂತಿ ಸಡಿಲ ಆಗಿದೆ."

ಅವಳು ಹಲಗೆಯ ಅಂಚಿನಲ್ಲಿ ಕೂತಳು.

"ಹೀಗೇ ಬಿಟ್ಬಿಡು," ಎಂದಳು ಮೆಲ್ಲಗೆ. "ಪಂಪು ಸುಟ್ರೆ ಇನ್ನೊಂದು ತಂದರಾಯ್ತು. ತ್ವಾನ್‌ಗೆ ಹೇಳ್ಬೇಡ."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ಪಂಪಿನ ಮಾತಲ್ಲಕ್ಕ ಇದು. ಬಾ, ಇದನ್ನ ನೋಡು. ಇವತ್ತಲ್ಲ ನಾಳೆ ಬೆಂಕಿ ಹತ್ತುತ್ತೆ. ಈ ಗೋಡೆ ಆಚೆ ಯಾರು ಮಲಗ್ತಾರೆ?"

ಅವಳು ಕರಗಿದ ತಂತಿಯನ್ನು ನೋಡಿದಳು. ಗೋಡೆಯನ್ನು ನೋಡಿದಳು. ಅದರಾಚೆ ಅವಳ ಮಗನ ಹಾಸಿಗೆ.

"ಆರಿಸು," ಎಂದಳು.

ಜನರೇಟರ್ ಆರಿಸಿದೆ. ದೋಣಿಯೊಳಗೆಲ್ಲ ಕತ್ತಲಾಯಿತು. ಗಟ್ಟಿ ಕಾಲಿನವರೇ ಹುಷಾರಾಗಿ ಇಳಿಯಬೇಕಾದ ಕಡಿದಾದ ಏಣಿಯನ್ನು, ನಾನು ಬೇಡವೆಂದರೂ ಕೇಳದೆ, ಬಾತ ಕಾಲಿನಲ್ಲೇ ಇಳಿದು ಬಂದಳು. ಟಾರ್ಚನ್ನು ನನ್ನ ಕೈಯಿಂದ ಕಿತ್ತುಕೊಂಡು ಬೋಲ್ಟಿಗೆ ಹಿಡಿದಳು. ನಾನು ಸುಟ್ಟ ತುದಿ ಕತ್ತರಿಸಿ, ಹೊದಿಕೆ ಸುಲಿದು ಹೊಸ ತಾಮ್ರ ಹೊರತೆಗೆದು, ತಂತಿ ಕೂರಿಸಿ ಬೋಲ್ಟು ತಿರುಗಿಸಿದೆ.

"ಆಯ್ತಕ್ಕ."

"ಇನ್ನೊಂದು ಸುತ್ತು."

"ಸಾಕು. ಹೆಚ್ಚಾದ್ರೆ ಬೋಲ್ಟು ಮುರಿಯುತ್ತೆ."

"ಇನ್ನೊಂದು ಸುತ್ತು ಬಿಗಿ ಮಾಡೋ," ಎಂದಳು, ಅಳುತ್ತಾ. "ನನ್ನ ಮಗ ಮಲಗ್ತಾನೆ."