ನಡುಗಡಲು ಎಂದು ಬರೆದ ಕಾಗದ

ಕಾಪುವಿನ ಶೀನ ಕೆಲಸ ಮಾಡುತ್ತಿದ್ದ ಹಡಗಿನಲ್ಲಿ ಎರಡು ಈಜುಕೊಳ, ಒಂದು ಸಿನಿಮಾ ಥಿಯೇಟರು, ಮಕ್ಕಳಿಗೆಂದೇ ಒಂದು ಆಟದ ಮಾಳಿಗೆ ಇದ್ದವು. ಅವುಗಳಲ್ಲಿ ಒಂದನ್ನೂ ಅವನು ಕಣ್ಣಾರೆ ಕಂಡವನಲ್ಲ. ಅವನ ಜಾಗ ನೀರಿನ ಮಟ್ಟಕ್ಕಿಂತ ಕೆಳಗೆ, ಲಾಂಡ್ರಿಯಲ್ಲಿ. ಕಿಟಕಿಯಿಲ್ಲ. ಬಿಸಿ ಹಬೆ, ಸೋಡಾದ ಘಾಟು, ಯಂತ್ರಗಳ ಗದ್ದಲ. ಊರಿನ ಅಂಗಳದಲ್ಲಿ ನಿಂತರೆ ಕಾಣುತ್ತಿದ್ದ ಸಮುದ್ರ, ಸಮುದ್ರದ ನಡುವೆ ಬಂದಮೇಲೆ ಕಾಣದಾಯಿತು.

೧೯೮೪ರ ಮಾತು. ಅಮೆರಿಕದ ಕಡೆಯ ದ್ವೀಪಗಳನ್ನು ಸುತ್ತುವ ದೊಡ್ಡ ಪ್ರವಾಸಿ ಹಡಗು ಅದು. ಪ್ರತಿ ಶನಿವಾರ ಸಾವಿರಕ್ಕೂ ಹೆಚ್ಚು ಮಂದಿ ಅಜ್ಜಿ, ಮೊಮ್ಮಕ್ಕಳ ಸಮೇತ ಹತ್ತುತ್ತಿದ್ದರು. ಮುಂದಿನ ಶನಿವಾರ ಅವರು ಇಳಿದರೆ ಅದೇ ಮಧ್ಯಾಹ್ನ ಬೇರೆ ಸಾವಿರ ಮಂದಿ. ಮೇಲಿನವರಿಗೆ ಏಳು ದಿನದ ಹಬ್ಬ. ಕೆಳಗಿನ ಹನ್ನೆರಡು ಜನಕ್ಕೆ ಹಾಸಿಗೆ ಬಟ್ಟೆ, ಟವಲು, ಮೇಜಿನ ಬಟ್ಟೆ. ದಿನಕ್ಕೆ ಹದಿನಾಲ್ಕು ಗಂಟೆ.

ಶೀನನ ಪಕ್ಕದ ಯಂತ್ರದಲ್ಲಿ ಜಮಾಲ್. ಅವನೂ ಕಾಪುವಿನವನೇ, ನಫೀಸಮ್ಮನ ಒಬ್ಬನೇ ಮಗ. ಇಬ್ಬರನ್ನೂ ಹಡಗು ಹತ್ತಿಸಿದವನು ಉಡುಪಿಯ ಏಜೆಂಟ್ ತಾರಾನಾಥ.

ಒಂದು ಭಾನುವಾರ ಬೆಳಿಗ್ಗೆ ಜಮಾಲ್ ಹೊಟ್ಟೆ ಹಿಡಿದುಕೊಂಡು ಕುಳಿತ.

"ಎಂತ ಆಯ್ತು?"

"ಬಲಬದಿ ಚುಚ್ಚಿದ ಹಾಗೆ ಆಗ್ತದೆ ಶೀನ."

ಸೋಮವಾರ ಜ್ವರ ಬಂತು. ಲಾಂಡ್ರಿಯ ಮೇಸ್ತ್ರಿ, ಶಿರ್ವದ ರೊಸಾರಿಯೊ, ಅವನನ್ನು ಡಾಕ್ಟರ ಬಳಿ ಕರೆದೊಯ್ದ. ಕೆಲಸದವರಿಗೆ ಡಾಕ್ಟರು ಸಿಗುವುದು ದಿನಕ್ಕೆ ಅರ್ಧ ಗಂಟೆ. ಹೊಟ್ಟೆ ಮುಟ್ಟಿಯೂ ನೋಡಲಿಲ್ಲ. ಬಿಳಿ ಮಾತ್ರೆ ಕೊಟ್ಟು, ಕೆಲಸ ಮಾಡಬಹುದೆಂದು ಚೀಟಿ ಬರೆದರು.

ಮಂಗಳವಾರ ಹಡಗು ಮೊದಲ ದ್ವೀಪದ ದಡಕ್ಕೆ ಬಂತು.

"ನಾನು ಇಲ್ಲಿ ಇಳಿದು ಆಸ್ಪತ್ರೆಗೆ ಹೋಗ್ತೇನೆ," ಎಂದ ಜಮಾಲ್.

"ಇಳಿದರೆ ಮತ್ತೆ ಹತ್ತಿಸುವುದಿಲ್ಲ," ಎಂದ ರೊಸಾರಿಯೊ. "ಕೆಲಸ ಬಿಟ್ಟು ಓಡಿದ ಅಂತ ಬರೀತಾರೆ. ಆಮೇಲೆ ತಾರಾನಾಥ ನಿನ್ನನ್ನು ಯಾವ ಹಡಗಿಗೂ ಕಳಿಸುವುದಿಲ್ಲ. ನಿನ್ನ ಜೊತೆ ಬಂದ ಇವನನ್ನೂ."

ಜಮಾಲ್ ಶೀನನ ಮುಖ ನೋಡಿದ. ಶೀನ ನೆಲ ನೋಡಿದ.

"ಸ್ವಲ್ಪ ತಡ್ಕೊ ಮಾರಾಯ. ನಿನ್ನ ಪಾಲಿನದ್ದೂ ನಾನೇ ಮಾಡ್ತೇನೆ," ಎಂದ ಶೀನ.

ಜಮಾಲ್ ತಡೆದುಕೊಂಡ.

ಬುಧವಾರ ಎರಡನೆಯ ದ್ವೀಪ. ಅಲ್ಲಿಂದ ಹೊರಟು ಒಂದು ಗಂಟೆಯಾಗಿತ್ತು; ಹಡಗು ನಿಂತಿತು. ಮೇಲೆ ಕೋಣೆಗಳಲ್ಲಿ ಹಾಸಿಗೆ ಹಾಸುವ ಕಾರ್ಕಳದ ಬೆಂಜಮಿನ್ ಕೊಳೆಬಟ್ಟೆಯ ಮೂಟೆ ತಂದು ಹಾಕಿದ.

"ಒಂದು ಮಗು ಬೊಂಬೆಯನ್ನು ದಡದಲ್ಲಿ ಬಿಟ್ಟು ಬಂದಿದೆಯಂತೆ. ಅತ್ತು ಅತ್ತು ಊಟ ಮಾಡುವುದಿಲ್ಲವಂತೆ. ತರಲಿಕ್ಕೆ ಬೋಟು ಕಳಿಸ್ತಾ ಇದ್ದಾರೆ."

ಇಂಗ್ಲಿಷ್ ಬಲ್ಲ ಬೆಂಜಮಿನನ ಕೈ ಹಿಡಿದು ಶೀನ ಎಳೆದುಕೊಂಡೇ ಮೆಟ್ಟಿಲು ಹತ್ತಿದ. ಕೆಲಸದವರು ದಾಟಬಾರದ ಕಬ್ಬಿಣದ ಬಾಗಿಲನ್ನು ದಾಟಿ ಹಡಗಿನ ಅಧಿಕಾರಿಯೊಬ್ಬನ ಮುಂದೆ ನಿಂತ.

"ಆ ಬೋಟಿನಲ್ಲಿ ನಮ್ಮ ಜಮಾಲನನ್ನೂ ಕೂರಿಸಿ ಸಾರ್."

ಬೆಂಜಮಿನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅಧಿಕಾರಿ ಶೀನನ ಒದ್ದೆ ಬೂಟನ್ನು ನೋಡಿದ, ಅದರ ಕೆಳಗಿನ ರತ್ನಗಂಬಳಿಯನ್ನು ನೋಡಿದ, ಬಾಗಿಲ ಕಡೆ ಬೆರಳು ತೋರಿಸಿದ. ಬೋಟು ಹೋಯಿತು. ಬೊಂಬೆ ಬಂತು.

ಗುರುವಾರ ಮೂರನೆಯ ದಡ. ಅಂದು ಬೆಳಿಗ್ಗೆ ನೋವು ಒಮ್ಮೆಲೇ ನಿಂತಿತು. ಜಮಾಲ್ ನಕ್ಕ. "ಕಮ್ಮಿ ಆಯ್ತು ಶೀನ," ಎಂದ. ಶೀನನಿಗೂ ನಗು ಬಂತು. ಸಂಜೆಯ ಹೊತ್ತಿಗೆ ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಡಗು ದಡ ಬಿಟ್ಟಾಗಿತ್ತು.

ಶುಕ್ರವಾರ ಮಧ್ಯಾಹ್ನ, ಮೇಲೆ ಬ್ಯಾಂಡು ಬಾರಿಸುತ್ತಿದ್ದಾಗ, ಜಮಾಲ್ "ಉಮ್ಮಾ" ಎಂದು ತಾಯಿಯನ್ನು ಕರೆದ. ಮತ್ತೆ ಮಾತಾಡಲಿಲ್ಲ.

ಹೆಣವನ್ನು ಹೂವಿಡುವ ತಣ್ಣನೆಯ ಕೋಣೆಯಲ್ಲಿ ಇಟ್ಟರು. ಗುಲಾಬಿಯ ಬಕೆಟ್ಟುಗಳನ್ನು ಬದಿಗೆ ಸರಿಸುತ್ತಾ ರೊಸಾರಿಯೊ ಅತ್ತುಬಿಟ್ಟ.

ಶನಿವಾರ ಪ್ರವಾಸಿಗಳು ಮುಂಬಾಗಿಲಲ್ಲಿ ಇಳಿದರು. ಆ ಊರಿನಲ್ಲೇ ಹೂಳಲೆಂದು ಜಮಾಲನನ್ನು ಹಿಂಬಾಗಿಲಲ್ಲಿ ಇಳಿಸಿದರು. ಮಣ್ಣು ಹಾಕಲು ಹೋಗುತ್ತೇನೆಂದ ಶೀನನನ್ನು ಬಿಡಲಿಲ್ಲ. ಅದರ ಬದಲು ಅದೇ ಅಧಿಕಾರಿ ಒಂದು ಕಾಗದ ತಂದು ಹನ್ನೊಂದು ಜನರ ಮುಂದೆ ಇಟ್ಟ. ಬೆಂಜಮಿನ್ ಓದಿ ಹೇಳಿದ: ಹಳೆಯ ಕಾಯಿಲೆ ಮುಚ್ಚಿಟ್ಟಿದ್ದ. ನಡುಗಡಲಿನಲ್ಲಿ ಉಲ್ಬಣಿಸಿತು. ಹತ್ತಿರ ದಡವಿರಲಿಲ್ಲ.

"ನಾನು ಸೈನ್ ಹಾಕುವುದಿಲ್ಲ," ಎಂದ ಶೀನ.

"ಹುಚ್ಚು ಮಾಡಬೇಡ. ಮನೆಯಲ್ಲಿ ತಂಗಿಯರಿದ್ದಾರೆ ಅಲ್ವಾ ನಿನಗೆ?" ಎನ್ನುತ್ತಾ ರೊಸಾರಿಯೊ ತಾನು ಸಹಿ ಹಾಕಿದ. ಉಳಿದವರೂ ಹಾಕಿದರು. ಶೀನನನ್ನು ಕೆಲಸದಿಂದ ತೆಗೆದು ಊರಿಗೆ ಅಟ್ಟಿದರು.

ಹದಿನೈದು ದಿನದ ಮೇಲೆ ಅವನು ಕಾಪುವಿನಲ್ಲಿ ಬಸ್ಸಿಳಿದು, ಮನೆಗೂ ಹೋಗದೆ ನಫೀಸಮ್ಮನ ಮನೆಗೆ ನಡೆದ. ಅಂಗಳದಲ್ಲಿ ಕೇರಿಯವರು ಸೇರಿದ್ದರು. ಜಗಲಿಯಲ್ಲಿ ತಾರಾನಾಥ ಹಡಗಿನವರ ಆ ಕಾಗದ ಹಿಡಿದು ಕುಳಿತಿದ್ದ. ನಫೀಸಮ್ಮನ ಹೆಬ್ಬೆರಳಿಗೆ ಆಗಲೇ ಶಾಯಿ ಹಚ್ಚಿಯಾಗಿತ್ತು.

"ನಡುಗಡಲು ಅಲ್ವಾ ನಫೀಸಮ್ಮ, ಯಾರು ಎಂತ ಮಾಡಲಿಕ್ಕೆ ಆಗ್ತದೆ? ಇಲ್ಲಿ ಒತ್ತಿ. ಆಮೇಲೆಯೇ ಅವನ ಪೆಟ್ಟಿಗೆ, ಬಟ್ಟೆಬರೆ ಬರುವುದು."

ಅವಳು ಶೀನನನ್ನು ಕಂಡಳು. ಅಳಲಿಲ್ಲ.

"ನೀನು ಹತ್ತಿರ ಇದ್ದಿ ಅಲ್ವಾ ಮಗ? ಎಷ್ಟು ದಿನ ನೋವಿತ್ತು ಅವನಿಗೆ?"

"ಆರು ದಿನ."

"ಆರು ದಿನದಲ್ಲಿ ಹಡಗು ಎಲ್ಲಿಯೂ ದಡಕ್ಕೆ ಬರಲಿಲ್ವಾ?"

ತಾರಾನಾಥ ಕೆಮ್ಮಿದ. ಶೀನ ಅವನ ಕಡೆ ನೋಡಲಿಲ್ಲ.

"ಬಂತು. ಮೂರು ಸಲ. ಮೊದಲ ದಡದಲ್ಲೇ ಇಳೀತೇನೆ ಅಂದಿದ್ದ. ತಡ್ಕೊ ಅಂತ ಹೇಳಿದವನು ನಾನು."

ನಫೀಸಮ್ಮ ಅವನನ್ನು ನೋಡಿದಳು. ಕ್ಷಮಿಸಿದಳೋ ಇಲ್ಲವೋ, ಅವನಿಗೆ ಕೊನೆಗೂ ತಿಳಿಯಲಿಲ್ಲ. ಆಮೇಲೆ ಹೆಬ್ಬೆರಳಿನ ಶಾಯಿಯನ್ನು ಗೋಡೆಗೆ ಒರೆಸಿ, ಕಾಗದವನ್ನು ತಾರಾನಾಥನ ಮುಂದಕ್ಕೆ ತಳ್ಳಿದಳು.

"ಆ ಮೂರು ಊರಿನ ಹೆಸರು ಇದರಲ್ಲಿ ಬರೆಯಿರಿ."

"ಅದು ಹಾಗೆಲ್ಲ ಬರೀಲಿಕ್ಕೆ..."

"ಬರೆಯಿರಿ."

ತಾರಾನಾಥ ಚೀಲ ಎತ್ತಿಕೊಂಡು ಎದ್ದ. ಮೆಟ್ಟಿಲ ಮೇಲೆ ಪಕ್ಕದ ಮನೆಯ ಆಸಿಯಮ್ಮ ಕುಳಿತಿದ್ದಳು, ಸರಿಯಲಿಲ್ಲ. ಅವಳ ಹಿಂದೆ ನಿಂತಿದ್ದ ಕೇರಿಯವರೂ ಸರಿಯಲಿಲ್ಲ.