ನಿಷೇಧಾಜ್ಞೆಯ ವಾರದಲ್ಲಿ ಕನ್ಯೆ ನೋಡಿದ್ದು

ನೂಲಿನ ದರ ಏರಿದ ವರ್ಷ ಬನಹಟ್ಟಿಯ ನೇಕಾರರೆಲ್ಲ ಸೇರಿ ಮೆರವಣಿಗೆ ತೆಗೆದರು. ಮೆರವಣಿಗೆ ಶಾಂತವಾಗಿಯೇ ಹೊರಟಿತ್ತು. ಬಸ್ ನಿಲ್ದಾಣದ ಹತ್ತಿರ ಯಾರೋ ಒಂದು ಕಲ್ಲು ಒಗೆದರು, ಬಸ್ಸಿನ ಗಾಜು ಒಡೆಯಿತು. ಒಗೆದವನು ಯಾರೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ, ಅಥವಾ ಎಲ್ಲರಿಗೂ ಗೊತ್ತಿದೆ. ಮರುದಿನವೇ ಸಾರ್ವಜನಿಕರ ಸುರಕ್ಷತೆಯ ಸಲುವಾಗಿ ನಿಷೇಧಾಜ್ಞೆ ಬಂತು. ಡಂಗುರದವನು ಹಲಗೆ ಬಡಿಯುತ್ತ ಓಣಿ ಓಣಿ ತಿರುಗಿ, ಐದು ಮಂದಿ ಅಥವಾ ಅದಕ್ಕಿಂತ ಹೆಚ್ಚು ಮಂದಿ ಎಲ್ಲಿಯೂ ಗುಂಪು ಕೂಡಬಾರದು ಎಂದು ಸಾರಿದ. ಅವನು ಏನು ಸಾರುತ್ತಿದ್ದಾನೆಂದು ಕೇಳಲು ನಮ್ಮ ಓಣಿಯ ಮುದುಕರು, ಹೆಂಗಸರು, ಮಗ್ಗ ಬಿಟ್ಟು ಎದ್ದು ಬಂದವರು ಎಲ್ಲರೂ ಸುತ್ತ ನಿಂತು ಅಲ್ಲೇ ಒಂದು ಸಣ್ಣ ಸಭೆಯಾಯಿತು.

ಕಾಯ್ದೆ ಗಲಭೆ ಮಾಡುವವರಿಗಾಗಿ ಬಂದದ್ದು. ಗಲಭೆ ಮಾಡುವವರು ಮನೆಯಲ್ಲಿ ಮಲಗಿದರು. ತೊಂದರೆಯಾದದ್ದು ಉಳಿದವರಿಗೆ. ಮಗ್ಗಕ್ಕೆ ಏರಿಸುವ ನೂಲಿನ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಬೇಕೆಂದರೆ ಎರಡೂ ಬದಿಗೆ ಆಳು ಬೇಕು. ನಾಲ್ಕು ಮಂದಿಯಿಂದ ಅದು ಆಗುವ ಮಾತಲ್ಲ. ಹಾಸು ಅರ್ಧಕ್ಕೇ ಒಣಗಿ ದಾರ ಪಟಪಟ ಹರಿಯತೊಡಗಿತು. ಹೆಣ ಹೊರುವುದಕ್ಕೆ ನಾಲ್ಕು ಮಂದಿ ಸಾಕಲ್ಲ ಎಂದು ಮುದುಕರು ಸಮಾಧಾನಪಟ್ಟುಕೊಂಡರು. ನೀರಿನ ನಳದ ಹತ್ತಿರ ಮಾತ್ರ ಕಾಯ್ದೆ ನಡೆಯಲಿಲ್ಲ. ನಮ್ಮ ಓಣಿಯ ತುದಿಗೆ ನಿಲ್ಲಿಸಿದ್ದ ಪೊಲೀಸ ಲಗಮಣ್ಣ ಒಮ್ಮೆ ಅಲ್ಲಿಗೆ ಹೋಗಿ, ಕೊಡ ಹಿಡಿದು ನಿಂತ ಹೆಂಗಸರಿಗೆ ಚದುರಿ ಎಂದು ಹೇಳಿ ನೋಡಿದ. ಅವರೇನಂದರೋ, ಮತ್ತೆ ಆ ಕಡೆಗೆ ಅವನು ಮುಖ ಮಾಡಲಿಲ್ಲ. ಬೀಳಗಿ ಕಡೆಯ ಒಕ್ಕಲುತನದ ಮನೆಯವನು, ಒಳ್ಳೆಯ ಮನುಷ್ಯ. ಕೈಯಲ್ಲಿ ಲಾಠಿ ಇತ್ತಾದರೂ ಹೆಚ್ಚಾಗಿ ಅದರಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ.

ಅದೇ ವಾರ ಶಂಕರೆಪ್ಪನ ಮಗಳು ತಾರವ್ವನನ್ನು ನೋಡಲು ಮುಧೋಳದಿಂದ ಬೀಗರಾಗುವವರು ಬರುವುದಿತ್ತು. ಶಂಕರೆಪ್ಪ ಕೈಮಗ್ಗದ ನೇಕಾರ. ಸೀರೆಯ ದಡಿ ನೇಯುವುದರಲ್ಲಿ ಮಗಳ ಕೈ ಅವನಿಗಿಂತ ಚುರುಕು. ಹಿಂದಿನ ವರ್ಷ ಬೇರೊಂದು ಊರಿನವರು ಅವಳನ್ನು ನೋಡಲು ಒಂದು ಟೆಂಪೋ ತುಂಬ ಬಂದಿದ್ದರು. ಅವಳನ್ನು ನಡೆಸಿ ನೋಡಿದರು, ಓದಿಸಿ ನೋಡಿದರು, ಕೂದಲು ಬಿಚ್ಚಿಸಿ ನೋಡಿದರು. ಶಿರಾ ಉಪ್ಪಿಟ್ಟು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಕೊನೆಗೆ ಹುಡುಗನ ಸೋದರತ್ತೆಯ ನಾದಿನಿಯೊಬ್ಬಳು, ಹುಡುಗಿಯ ಎತ್ತರ ಸ್ವಲ್ಪ ಕಡಿಮೆಯಾಯಿತು ಅಂದಳು. ಅಲ್ಲಿಗೆ ಆ ಮಾತು ಮುರಿಯಿತು. ಆ ದಿನ ತಾರವ್ವ ಅಳಲಿಲ್ಲ. ಕಾಲು ಇಳಿಬಿಟ್ಟು ನೇಯಲು ನೆಲದಲ್ಲಿ ಅಗೆದ ಮಗ್ಗದ ಕುಣಿಯಲ್ಲಿ ಇಳಿದು ಕುಳಿತವಳು ಉಣ್ಣಲು ಕರೆದರೂ ಮೇಲೆ ಬರಲಿಲ್ಲ.

ಹೀಗಾಗಿ ನಿಷೇಧಾಜ್ಞೆ ಬಂದ ಕೂಡಲೇ ಶಂಕರೆಪ್ಪ ಕಾರ್ಯವನ್ನು ಮುಂದೂಡೋಣ ಅಂದ. ಆದರೆ ಹುಡುಗ ತುಕಾರಾಮ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಶುರುವಾದರೆ ಬೇಸಿಗೆಯವರೆಗೂ ಅವನಿಗೆ ರಜೆ ಸಿಗುತ್ತಿರಲಿಲ್ಲ. ಬಂದರೂ ನಾಲ್ಕೇ ಮಂದಿ ಬರಬೇಕು, ಹಾಗೆ ಹೇಳಿದರೆ ಬೀಗರು ಸಿಟ್ಟಾಗುತ್ತಾರೆ, ನೋಡಿದವರು ಏನು ತಿಳಿದಾರು ಎಂದು ಶಂಕರೆಪ್ಪ ಒಂದೇ ಸಮನೆ ಗೊಣಗುತ್ತಿದ್ದ. ಅವನ ತಾಯಿ ಅನಸವ್ವ ಹರಳೆಣ್ಣೆ ಹಚ್ಚಿದ ಮೊಣಕಾಲು ಚಾಚಿ ಕುಳಿತಿದ್ದಳು.

"ಜನ್ಮ ಎಲ್ಲಾ ನಾಕ ಮಂದಿ ಏನಂದಾರು, ನಾಕ ಮಂದಿ ಏನಂದಾರು ಅಂತ ಅಂಜಿದಿ," ಅಂದಳು. "ಈಗ ಸರಕಾರನ ನಾಕ ಮಂದಿ ಸಾಕು ಅಂದೈತಿ. ಬರಲಿ ಬಿಡು."

ನಾಲ್ಕೇ ಮಂದಿ ಬನ್ನಿ ಎಂದು ಮುಧೋಳಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಬಾಯಲ್ಲಿ ಸುದ್ದಿ ಕಳಿಸಿದರು. ಅಲ್ಲಿ ಹುಡುಗನ ದೊಡ್ಡಪ್ಪ ಗಿರಮಲ್ಲಪ್ಪನಿಗೆ ಇದು ಅಪಮಾನವಾಗಿ ಕಂಡಿತು. ತಮ್ಮ ತೀರಿಹೋದ ಮೇಲೆ ಆ ಮನೆಯ ಯಜಮಾನಿಕೆಯೆಲ್ಲ ಅವನದೇ. ಯಾರು ಏನು ಓದಬೇಕು, ಎಲ್ಲಿಯ ನೌಕರಿ ಹಿಡಿಯಬೇಕು, ಬದನೆಕಾಯಿ ಎಷ್ಟು ತರಬೇಕು ಎಂಬುದರವರೆಗೆ ಅವನೇ ಹೇಳುತ್ತಿದ್ದ. ಹುಡುಗನ ತಾಯಿ ತಾಯವ್ವ ಭಾವನ ಎದುರು ಸೆರಗು ಹೊದ್ದು ನಿಲ್ಲುವವಳು. ಅವಳ ಧ್ವನಿ ಹೇಗಿದೆ ಎಂದು ನೆರೆಯವರಿಗೂ ಗೊತ್ತಿರಲಿಲ್ಲ. ತಮ್ಮ ಮನೆತನದಲ್ಲಿ ಕನ್ಯೆ ನೋಡಲು ಹಿಡಿಯಷ್ಟು ಮಂದಿ ಹೋದದ್ದೇ ಇಲ್ಲ ಎಂದು ಗಿರಮಲ್ಲಪ್ಪ ಸಾಧಿಸಿದ. ಕಾಯ್ದೆ ಏನಿದ್ದರೂ ಬನಹಟ್ಟಿಯವರಿಗೆ, ಮುಧೋಳದವರಿಗಲ್ಲ ಎನ್ನುವುದು ಅವನ ವಾದ.

ಹೀಗಾಗಿ ಆ ರವಿವಾರ ಮುಂಜಾನೆ ಮುಧೋಳದ ಬಸ್ಸಿನಿಂದ ತಲೆಗೆ ಸುತ್ತಿದ ಹಸಿರು ಪಟಗ, ಜರತಾರಿ ಸೆರಗು, ಕಂಕುಳಲ್ಲಿ ಕೂಸು, ಕೈಯಲ್ಲಿ ಎಲೆಅಡಿಕೆ ಚೀಲ ಎಲ್ಲ ಒಂದೊಂದಾಗಿ ಇಳಿದು, ಬೀಗರ ದೊಡ್ಡ ದಂಡು ನಮ್ಮ ಓಣಿಗೆ ಬಂತು. ಲಗಮಣ್ಣ ದೂರದಿಂದಲೇ ಅದನ್ನು ಕಂಡು ಎದ್ದು ನಿಂತು ಟೊಪ್ಪಿಗೆ ಸರಿಮಾಡಿಕೊಂಡ. ಇಷ್ಟು ದೊಡ್ಡ ಗುಂಪು ಅವನು ಆ ವಾರವೆಲ್ಲ ನೋಡಿರಲಿಲ್ಲ.

ಅಡ್ಡ ಹಾಕಿ ನಿಲ್ಲಿಸಿದ. ಗಿರಮಲ್ಲಪ್ಪ ತಾನು ಯಾರು, ತನ್ನ ಅಜ್ಜ ಯಾರು ಎಂಬುದನ್ನೆಲ್ಲ ಹೇಳಿದ. ಲಗಮಣ್ಣ ಎಲ್ಲವನ್ನೂ ಗೌರವದಿಂದ ಕೇಳಿದ. ದಾರಿ ಮಾತ್ರ ಬಿಡಲಿಲ್ಲ. ಅವನಿಗೂ ಒಂದು ಸಂಶಯವಿತ್ತು. ಮನೆಯೊಳಗೆ ಕೂತವರು ಗುಂಪಾಗುತ್ತಾರೋ ಇಲ್ಲವೋ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ತಾನೇ ಒಂದು ತೀರ್ಪು ಕೊಟ್ಟ.

"ಹೊಸ್ತಿಲದ ಒಳಗ ಎಷ್ಟ ಮಂದಿ ಅದೀರಿ ಅಂತ ನಾ ನೋಡಾಂಗಿಲ್ರಿ. ಹೊರಗ ಕಟ್ಟಿ ಮ್ಯಾಲ ಐದನೇದವ್ರು ಬಂದ್ರ ಎಬ್ಬಸ್ತೀನಿ."

ಕೇಳುವುದಕ್ಕೆ ಇದು ಸರಿಯಾಗಿಯೇ ಇತ್ತು. ಆದರೆ ಶಂಕರೆಪ್ಪನ ಮನೆ ನೇಕಾರನ ಮನೆ. ಪಡಸಾಲೆಯ ಮುಕ್ಕಾಲು ಭಾಗ ಮಗ್ಗದ ಪಾಲು, ಉಳಿದದ್ದರಲ್ಲಿ ನಾಲ್ಕೈದು ಮಂದಿ ಕೂತರೆ ಮುಗಿಯಿತು. ಬೀಗರು ಬಂದಾಗಲೆಲ್ಲ ಹೊರಗಿನ ಕಟ್ಟೆ, ಅದರ ಮುಂದೆ ಓಣಿ, ಇವೇ ಅವನ ಪಡಸಾಲೆ. ಈಗ ಆ ದಂಡನ್ನು ಹಂಚಬೇಕಾಯಿತು. ನಾಲ್ವರನ್ನು ಕಟ್ಟೆಯ ಮೇಲೆ ಕೂರಿಸಿ, ಉಳಿದವರಲ್ಲಿ ಕೆಲವರನ್ನು ಎದುರಿನ ಗುಡಿಗೆ, ಕೆಲವರನ್ನು ನೆರೆಯ ಯಲ್ಲವ್ವನ ಮನೆಗೆ, ಕೆಲವರನ್ನು ನಮ್ಮ ಮನೆಗೆ ಕಳಿಸಿದರು. ನಮ್ಮ ಪಾಲಿಗೆ ಬಂದವರು ಕೂಸಿನವರು. ಕೂಸು ದಿನವೆಲ್ಲ ಅತ್ತಿತು.

ಒಳಗೆ ಯಾರು ಕೂರಬೇಕು ಎಂಬ ಜಗಳವೂ ಆಯಿತು. ಹುಡುಗ, ಹುಡುಗನ ತಾಯಿ, ಗಿರಮಲ್ಲಪ್ಪ ಎಂದು ಕೊನೆಗೆ ಒಪ್ಪಿಗೆಯಾಯಿತು. ಆದರೆ ಗಿರಮಲ್ಲಪ್ಪನಿಗೆ ಕೂತಲ್ಲಿ ಕೂರುವುದು ಆಗಲಿಲ್ಲ. ಗುಡಿಯಲ್ಲಿದ್ದವರಿಗೆ ಒಳಗಿನ ಸುದ್ದಿ ಹೇಳಬೇಕು, ಯಲ್ಲವ್ವನ ಮನೆಯಲ್ಲಿದ್ದ ತನ್ನ ಅಳಿಯನ ಅಭಿಪ್ರಾಯ ಕೇಳಬೇಕು. ಹೊರಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಅವನೇ ಐದನೆಯವನಾಗುತ್ತಿದ್ದ. ಲಗಮಣ್ಣ ಬಂದು ಕೈಮುಗಿದು ಎಬ್ಬಿಸುತ್ತಿದ್ದ. ಎದ್ದವನು ಮನೆಯೊಳಗೆ ಹೋಗುವ ಬದಲು ಸಿಟ್ಟಿನಿಂದ ಗುಡಿಗೆ ಹೋಗುತ್ತಿದ್ದ. ಶಂಕರೆಪ್ಪ ಶಿರಾದ ತಟ್ಟೆ ಹಿಡಿದು ಗುಡಿ, ಯಲ್ಲವ್ವನ ಮನೆ, ನಮ್ಮ ಮನೆ ಎಂದು ಓಡಾಡುತ್ತಿದ್ದ. ಅವನ ಹೆಂಡತಿ ಮುತ್ತವ್ವ ಒಲೆಯ ಮುಂದಿನಿಂದ ಏಳಲಿಲ್ಲ.

ಹೀಗೆ ಎಲ್ಲರೂ ಒಂದೊಂದು ಕಡೆ ಇದ್ದಾಗ, ತಾರವ್ವ ಚಹಾ ತೆಗೆದುಕೊಂಡು ಪಡಸಾಲೆಗೆ ಬಂದಳು. ಅಲ್ಲಿ ತುಕಾರಾಮ, ತಾಯವ್ವ, ಅನಸವ್ವ ಇಷ್ಟೇ ಜನ. ಮುಂದಿನದನ್ನು ಅನಸವ್ವ ಎಷ್ಟೋ ಸಲ ನಮಗೆ ಹೇಳಿದ್ದಾಳೆ; ಪ್ರತಿ ಸಲವೂ ಹೆಚ್ಚುಕಡಿಮೆ ಹೀಗೆಯೇ.

ಹಿಂದಿನ ಸಲದಂತೆ ತನ್ನನ್ನು ನಡೆಸುತ್ತಾರೆ, ಓದಿಸುತ್ತಾರೆ ಎಂದು ತಾರವ್ವ ಗೋಡೆಗೆ ಒತ್ತಿ ನಿಂತಿದ್ದಳು. ಯಾರೂ ಏನೂ ಕೇಳಲಿಲ್ಲ. ಕೇಳುವವನು ಗುಡಿಯಲ್ಲಿದ್ದ. ತುಕಾರಾಮ ಬಸಿಯಲ್ಲಿ ಚಹಾ ಹಾಕಿಕೊಂಡು ಊದುತ್ತ ಮಗ್ಗವನ್ನೇ ನೋಡುತ್ತಿದ್ದ. ಅವರ ಮನೆಯಲ್ಲಿ ಮಗ್ಗ ಹೋಗಿ ಒಂದು ತಲೆಮಾರಾಗಿತ್ತು. ಕೊನೆಗೆ ತಾರವ್ವನೇ ಬಾಯಿ ತೆರೆದಳು.

"ನಾ ಒಂದ್ ಮಾತ ಕೇಳ್ಲೇನ್ರಿ?"

ತುಕಾರಾಮ ಬಸಿ ಕೆಳಗಿಟ್ಟ. ಕೇಳು ಎನ್ನುವಂತೆ ತಲೆ ಆಡಿಸಿದ.

"ನಿಮ್ಮ ಮನ್ಯಾಗ ಮಗ್ಗ ಹೂಡಾಕ ಜಾಗಾ ಐತೇನ್ರಿ?"

ಬೇರೆ ಯಾರಾದರೂ ಆಗಿದ್ದರೆ, ನೌಕರಿಯವನ ಹೆಂಡತಿಗೆ ಮಗ್ಗ ಯಾಕೆ ಎಂದು ನಗುತ್ತಿದ್ದರು. ತುಕಾರಾಮ ನಗಲಿಲ್ಲ. ಕಾರ್ಖಾನೆಯವರು ಕೊಟ್ಟ ಮನೆಯನ್ನು ಕಣ್ಣ ಮುಂದೆ ತಂದುಕೊಂಡು, ಪಡಸಾಲೆ ಅಡುಗೆಮನೆ ಎಲ್ಲ ಮನಸ್ಸಿನಲ್ಲೇ ಅಳೆದ.

"ಕ್ವಾರ್ಟರ್ಸಿನ ನೆಲಾ ಸಿಮೆಂಟಿಂದೈತಿ," ಅಂದ. "ಕುಣಿ ಅಗಿಯಾಕ ಬಿಡಾಂಗಿಲ್ಲ. ಊರಾಗ ಮಣ್ಣಿನ ನೆಲದ ಮನಿ ಬಾಡಿಗಿಗಿ ಸಿಕ್ಕರ ಸಿಗಬಹುದು. ನೋಡಬೇಕಾಕ್ಕೈತಿ."

ಹೂಂ ಅಂದು ಸುಳ್ಳು ಹೇಳಬಹುದಿತ್ತು. ನೋಡಬೇಕಾಗುತ್ತದೆ ಅಂದನಲ್ಲ, ಆ ಮಾತು ತಾರವ್ವನಿಗೆ ಹಿಡಿಸಿತು. ಅವಳು ಗೋಡೆ ಬಿಟ್ಟು ಅಜ್ಜಿಯ ಪಕ್ಕ ಕೂತಳು. ಆಗ ಅಷ್ಟು ಹೊತ್ತು ಸೆರಗಿನ ಮರೆಯಲ್ಲಿದ್ದ ತಾಯವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ಭಾವ ಇರಲಿಲ್ಲ.

"ನಾನೂ ರಬಕವಿ ನೇಕಾರರ ಮನಿ ಮಗಳವ್ವ," ಅಂದಳು. "ಲಗ್ನ ಆಗೂತನಕ ಕಂಡಿಕಿ ಸುತ್ತೇನಿ. ಆಮ್ಯಾಲ ನಿನಗೇನ್ ಬರತೈತಿ ಅಂತ ನನ್ನ ಯಾರೂ ಕೇಳಲಿಲ್ಲ."

ಅವಳ ಧ್ವನಿ ದೊಡ್ಡದೇ ಇತ್ತು, ಒಳ್ಳೆ ಗಂಟೆಯ ಹಾಗೆ, ಎಂದು ಅನಸವ್ವ ಹೇಳುತ್ತಿದ್ದಳು. ತಾಯವ್ವ ಎದ್ದು ಮೂಲೆಯಲ್ಲಿದ್ದ ರಾಟೆಯ ಮುಂದೆ ಕೂತು, ಒಂದು ಕಂಡಿಕೆಗೆ ನೂಲು ಸುತ್ತಿ ತೋರಿಸಿದಳು. ನೂಲು ಒಮ್ಮೆ ಹರಿಯಿತು. ತಾರವ್ವ ಗಂಟು ಹಾಕಿಕೊಟ್ಟಳು. ಆಮೇಲೆ ತಾಯವ್ವ ತಾನು ತಂದಿದ್ದ ಸಕ್ಕರೆ ಪೊಟ್ಟಣವನ್ನು ತಾನೇ ಬಿಚ್ಚಿ, ಹುಡುಗಿಯ ಬಾಯಿಗೆ, ಮಗನ ಬಾಯಿಗೆ, ಅನಸವ್ವನ ಬಾಯಿಗೆ ಹಾಕಿದಳು. ಅಡುಗೆಮನೆಯಿಂದ ಬಂದ ಮುತ್ತವ್ವನಿಗೆ ಏನಾಯಿತೆಂದು ತಿಳಿಯುವ ಮೊದಲೇ ಅವಳ ಬಾಯಲ್ಲೂ ಸಕ್ಕರೆ ಇತ್ತು. ಸಂಬಂಧ ಗಟ್ಟಿಯಾಗಿತ್ತು.

ಸುದ್ದಿ ಹೊರಗೆ ಮುಟ್ಟಿದಾಗ ಗಿರಮಲ್ಲಪ್ಪ ಗುಡಿಯ ಮೆಟ್ಟಿಲಿನಿಂದ ಪಟಗ ಹಿಡಿದುಕೊಂಡೇ ಓಡಿ ಬಂದ. ಕಟ್ಟೆಯ ಮುಂದೆ ನಿಂತು, ಹಿರಿಯರಿಲ್ಲದೆ ಹೆಂಗಸರು ಹಂಚಿದ ಸಕ್ಕರೆ ಸಕ್ಕರೆಯೇ ಅಲ್ಲ, ತಾನು ಕೇಳಬೇಕಾದ ಒಂದೂ ಮಾತು ಕೇಳಿಲ್ಲ, ಈ ಸಂಬಂಧ ಆಗಲೇ ಇಲ್ಲ ಎಂದು ಕೂಗತೊಡಗಿದ. ಗುಡಿಯವರು ಬಂದರು, ಯಲ್ಲವ್ವನ ಮನೆಯವರು ಬಂದರು, ಕೂಸಿನೊಂದಿಗೆ ನಮ್ಮ ಮನೆಯವರೂ ಬಂದರು. ಓಣಿಯಲ್ಲಿ ಉಳಿದವರೂ ಸುಮ್ಮನೆ ಇರಲಿಲ್ಲ. ಶಂಕರೆಪ್ಪ ಖಾಲಿ ತಟ್ಟೆ ಹಿಡಿದೇ ನಿಂತಿದ್ದ. ಒಳಗೆ ತಾರವ್ವನ ಮುಖ ಸಣ್ಣದಾಯಿತು. ಲಗಮಣ್ಣ ಯಾರನ್ನು ಮೊದಲು ಎಬ್ಬಿಸಬೇಕೆಂದು ತಿಳಿಯದೆ ಅತ್ತ ಇತ್ತ ಓಡಾಡಿದ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಪೊಲೀಸ್ ಠಾಣೆಯ ಫೌಜದಾರರ ಜೀಪು ಬಂದು ನಿಂತಿತು.

ಒಂದು ಗಳಿಗೆಯಲ್ಲಿ ಓಣಿ ಖಾಲಿ. ಗೋಡೆಗಳು ಅಷ್ಟು ಜನರನ್ನು ಎಲ್ಲಿ ನುಂಗಿದವೋ ದೇವರೇ ಬಲ್ಲ. ಉಳಿದವನು ಗಿರಮಲ್ಲಪ್ಪ ಒಬ್ಬನೇ. ಅವನು ಜೀಪಿಗೆ ಬೆನ್ನು ಮಾಡಿ ಇನ್ನೂ ಕೂಗುತ್ತಿದ್ದ.

ಫೌಜದಾರರು ಕೆಳಗಿಳಿದು ಇದೇನು ಗದ್ದಲ ಎಂದು ಕೇಳಿದರು. ಲಗಮಣ್ಣ ಸೆಲ್ಯೂಟ್ ಹೊಡೆದು, ಕನ್ಯೆ ನೋಡಲು ಬಂದವರು, ನಿಶ್ಚಯವಾಗಿದೆಯೋ ಇಲ್ಲವೋ ಎಂಬ ಬಗ್ಗೆ ಮಾತು ನಡೆದಿದೆ ಎಂದು ಇದ್ದದ್ದು ಇದ್ದಂತೆ ಹೇಳಿದ. ಫೌಜದಾರರಿಗೆ ಆ ದಿನ ಊಟವಾಗಿರಲಿಲ್ಲ. ಅವರು ಗಿರಮಲ್ಲಪ್ಪನನ್ನು ತಲೆಯಿಂದ ಕಾಲಿನವರೆಗೂ ನೋಡಿದರು.

"ಆಗೇತೋ ಇಲ್ಲೋ ಅಷ್ಟ ಹೇಳ್ರಿ. ಆಗಿದ್ರ ಒಳಗ ಹೋಗಿ ಉಣ್ರಿ. ಆಗಿಲ್ಲಂದ್ರ ಇದು ಹಾದ್ಯಾಗಿನ ಜಗಳ, ಜೀಪ್ ಹತ್ರಿ."

ಗಿರಮಲ್ಲಪ್ಪ ಜೀಪಿನ ಕಡೆ ನೋಡಿದ. ಹಿಂದಿನ ಸೀಟಿನಲ್ಲಿ ಮತ್ತೊಬ್ಬ ಪೊಲೀಸ ಆಗಲೇ ಸರಿದು ಜಾಗ ಮಾಡುತ್ತಿದ್ದ. ಮನೆಯ ಕಡೆ ನೋಡಿದ. ಹೊಸ್ತಿಲ ಒಳಗೆ ತಾಯವ್ವ ನಿಂತಿದ್ದಳು. ಅವತ್ತು ಅವಳು ಸೆರಗು ಎಳೆದುಕೊಳ್ಳಲಿಲ್ಲ, ಕಣ್ಣೂ ತಗ್ಗಿಸಲಿಲ್ಲ.

"ಆಗೇತ್ರಿ ಸಾಹೇಬ್ರ," ಅಂದ ಗಿರಮಲ್ಲಪ್ಪ. ಒಂದು ಸಲ ಗಂಟಲು ಸರಿಮಾಡಿಕೊಂಡು, "ನಾನ ಮುಂದ ನಿಂತ ಮಾಡಸೇನ್ರಿ," ಎಂದು ಸೇರಿಸಿದ.

ಫೌಜದಾರರು ಹುಡುಗಿಗೆ ಒಳ್ಳೆಯದಾಗಲಿ ಎಂದು ಹೇಳಿ ಹೋದರು. ಅನಸವ್ವ ಗಿರಮಲ್ಲಪ್ಪನನ್ನು ಕೈ ಹಿಡಿದು ಒಳಗೆ ಕರೆದು, ಎತ್ತರದ ಮಣೆಯ ಮೇಲೆ ಕೂರಿಸಿ, ದೊಡ್ಡವರು ನೀವಿರುವಾಗ ನಮಗೇನು ಚಿಂತೆ ಎಂದು ಹೇಳಿ ಶಿರಾ ಬಡಿಸಿದಳು. ಅವನು ಮೊದಲು ಬೇಡ ಅಂದ. ಆಮೇಲೆ ತುಪ್ಪ ಕೇಳಿದ. ಉಳಿದವರು ಸರದಿಯ ಮೇಲೆ ಬಂದು ಉಂಡು ಹೋದರು. ಲಗಮಣ್ಣನಿಗೆ ಮುತ್ತವ್ವ ಎಲೆಯ ತುಂಬ ಕಟ್ಟಿ ಕೊಟ್ಟಳು. ಅವನು ಕಟ್ಟೆಯ ಮೇಲೆ ಕೂತು ತಿನ್ನುವ ಮೊದಲು, ಅಲ್ಲಿ ಆಗಲೇ ಎಷ್ಟು ಮಂದಿ ಕೂತಿದ್ದಾರೆಂದು ನೋಡಿಕೊಂಡ.

ನಿಷೇಧಾಜ್ಞೆ ಮುಂದಿನ ವಾರ ತೆರವಾಯಿತು. ನೂಲಿನ ದರ ಇಳಿಯಲಿಲ್ಲ. ಹಂಗಾಮು ಮುಗಿದ ಮೇಲೆ, ಬೇಸಿಗೆಯಲ್ಲಿ ಲಗ್ನವಾಯಿತು. ಗಿರಮಲ್ಲಪ್ಪ ಎರಡು ಲಾರಿ ತುಂಬ ಮಂದಿ ತಂದು ತನ್ನ ಹೊಟ್ಟೆಯ ಸಂಕಟ ತೀರಿಸಿಕೊಂಡ. ತುಕಾರಾಮ ಮುಧೋಳದ ಓಣಿ ಓಣಿ ತಿರುಗಿ ಮಣ್ಣಿನ ನೆಲದ ಮನೆ ಹುಡುಕಿದ. ನೆಲ ಅಗೆಯಲು ಮಾಲೀಕ ಒಪ್ಪಲಿಲ್ಲ. ತಾಯವ್ವ ಹೋಗಿ ಮಾತಾಡಿ ಬಂದಳು, ಆಮೇಲೆ ಒಪ್ಪಿದ. ಕುಣಿಯನ್ನು ತುಕಾರಾಮ ತಾನೇ ಅಗೆದ. ಅದು ಸೊಟ್ಟಗಾಯಿತು.

ಶ್ರಾವಣದಲ್ಲಿ ಮುತ್ತವ್ವ ಮಗಳನ್ನು ನೋಡಲು ಹೋದಳು. ಓಣಿಯಲ್ಲಿ ಕಾಲಿಡುತ್ತಲೇ ಮಗ್ಗದ ಸದ್ದು ಕೇಳಿತು, ಸದ್ದಿನ ಮೇಲೆ ಅತ್ತೆ ಸೊಸೆಯರ ಮಾತು ಕೇಳಿತು. ತಾರವ್ವ ಕುಣಿಯಲ್ಲಿ ಕೂತು ಲಾಳಿ ಹಾಯಿಸುತ್ತಿದ್ದಳು, ತಾಯವ್ವ ರಾಟೆಯ ಮುಂದೆ ಇದ್ದಳು. ಇಬ್ಬರ ಕೈಗೂ ಬಿಡುವಿರಲಿಲ್ಲವಾದ್ದರಿಂದ ಬೀಗಿತ್ತಿಗೆ ಚಹಾ ಮಾಡಲು ತುಕಾರಾಮ ಎದ್ದ. ಸಕ್ಕರೆ ಕಾರ್ಖಾನೆಯವನ ಕೈ. ಚಹಾ ಪಾಯಸದ ಹಾಗೆ ಆಗಿತ್ತು. ಮುತ್ತವ್ವ ಒಂದು ಹನಿಯೂ ಬಿಡದೆ ಬಸಿ ಖಾಲಿ ಮಾಡಿದಳು.