ನಡೆಯದ ಸಭೆಯ ನಡಾವಳಿ

ಸೋಮವಾರ ಪರಿಶೀಲನಾ ತಂಡ ಬರುತ್ತದೆಂದು ಸುದ್ದಿ ಬಂದದ್ದೇ ಪ್ರಾಣಿಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಪ್ರಯೋಗ ನಿಂತಿತು. ಶುಕ್ರವಾರ ಬೆಳಿಗ್ಗೆ ಮೈಕ್ರೋಸ್ಕೋಪುಗಳನ್ನು ಮೂಲೆಗೆ ತಳ್ಳಿ, ಉದ್ದನೆಯ ಮೇಜಿನ ಮೇಲೆ ಒಂಬತ್ತು ನಡಾವಳಿ ಪುಸ್ತಕಗಳನ್ನು ಹರಡಿದರು. ಗ್ರಂಥಾಲಯ ಸಮಿತಿ, ಸ್ವಚ್ಛತಾ ಸಮಿತಿ, ಸ್ವಾಗತ ಸಮಿತಿ, ಸಂಶೋಧನಾ ನೈತಿಕತೆಯ ಸಮಿತಿ, ಹೀಗೆ. ತರೀಕೆರೆಯ ಹೊರಗಿನ ಈ ಸ್ನಾತಕೋತ್ತರ ಕೇಂದ್ರದಲ್ಲಿ ಪಿಎಚ್‌ಡಿ ಮಾಡುವವರು ಒಂಬತ್ತೇ ಜನ. ಸಮಿತಿಗಳು ಹನ್ನೊಂದು. ಊಟೋಪಚಾರ ಸಮಿತಿಯೊಂದನ್ನು ಬಿಟ್ಟರೆ ಉಳಿದ ಯಾವುದೂ ಐದು ವರ್ಷದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಆ ಐದು ವರ್ಷದ ಸಭೆಗಳನ್ನೆಲ್ಲ ಈ ಒಂಬತ್ತು ಜನ ಸಂಜೆಯೊಳಗೆ ಬರೆದು ಮುಗಿಸಬೇಕಿತ್ತು.

ಈ ಕೆಲಸಕ್ಕೂ ಒಂದು ಪದ್ಧತಿಯಿತ್ತು. ಒಂದೊಂದು ವರ್ಷಕ್ಕೆ ಒಂದೊಂದು ಪೆನ್ನು. ಒಂದು ಸಭೆಯ ನಡಾವಳಿ ಬರೆದವರು ಮುಂದಿನದನ್ನು ಬರೆಯಬಾರದು. ಮೇಧಾ ಮೊಬೈಲಿನಲ್ಲಿ ಹಳೆಯ ಕ್ಯಾಲೆಂಡರ್ ತೆರೆದಿಟ್ಟುಕೊಂಡು ಭಾನುವಾರ, ಹಬ್ಬಗಳನ್ನು ತಪ್ಪಿಸಿ ತಾರೀಕು ಹೇಳುತ್ತಿದ್ದಳು.

"ಲೇ ಮೋಹನ, ಮಲ್ಲಿಕಾಂಬ ಮೇಡಂ ಹಾಜರಿದ್ರು ಅಂತ ಬರ್ದಿದ್ದೀಯಲ್ಲೋ. ಅವರು ತೀರ್ಕೊಂಡು ಆಗ್ಲೇ ಮೂರು ತಿಂಗಳಾಗಿತ್ತು ಕಣೋ" ಎಂದಳು.

"ಬದುಕಿದ್ದಾಗ ಒಂದ್ ಮೀಟಿಂಗಿಗೂ ಬರ್ಲಿಲ್ಲ. ಈಗ್ಲಾದ್ರೂ ಬರ್ಲಿ ಬಿಡೇ" ಎಂದ ಮೋಹನ್. ಎಲ್ಲರೂ ನಕ್ಕರು.

ಅಟೆಂಡರ್ ತಮ್ಮಯ್ಯ ಉಳಿದೆರಡು ಪುಸ್ತಕ ತಂದು ಮೇಜಿನ ಮೇಲೆ ಹಾಕಿದ. ಹೊಸ ಪುಸ್ತಕ ಹಳೆಯದಾಗಿ ಕಾಣಲೆಂದು ಮೂರು ದಿನ ತಾರಸಿಯ ಬಿಸಿಲಿನಲ್ಲಿಟ್ಟಿದ್ದ. "ಹಪ್ಪಳ ಒಣಗ್ಸಿದಂಗೆ ಒಣಗ್ಸಿದೀನಿ ಕಣ್ರವ್ವಾ. ಒಂದ್ರ ಮ್ಯಾಲೆ ಕಾಗೆ ಗಲೀಜು ಮಾಡೈತೆ. ಒರೆಸ್ಲಿಲ್ಲ, ಹಳೇದು ಅಂತ ನಂಬಕ್ಕೆ ಅದೂ ಇರ್ಲಿ ಅಂತ."

ಕಾಗೆಯ ಗಲೀಜಿದ್ದ ಪುಸ್ತಕ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯದು. ಅದರ ವಿದ್ಯಾರ್ಥಿ ಪ್ರತಿನಿಧಿ ಯಗಟಿಯ ಸ್ಪೂರ್ತಿ. ಅವಳನ್ನು ಯಾರೂ ಆರಿಸಿರಲಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತನ್ನ ಹೆಸರು ನೋಡಿದಾಗಲೇ ಅವಳಿಗೂ ಗೊತ್ತಾದದ್ದು. ಇವತ್ತು ಅವಳ ತಲೆಯಲ್ಲಿ ಇದ್ದದ್ದು ಬೇರೆ. ಅವಳ ಪ್ರಬಂಧದ ಸಾರಾಂಶ ವಿಭಾಗದ ಮುಖ್ಯಸ್ಥ ಡಾ. ಕೃಷ್ಣಸ್ವಾಮಿಯವರ ಸಹಿಗೆ ಕಾದಿತ್ತು. ಅವಳ ಗೈಡೂ ಅವರೇ. ಇವತ್ತು ನಾಲ್ಕು ಗಂಟೆಯ ಟಪಾಲಿಗೆ ಅದು ಹೋಗದಿದ್ದರೆ ನೋಂದಣಿಯೇ ರದ್ದಾಗುತ್ತದೆ, ಐದು ವರ್ಷದ ದುಡಿಮೆ ಮಣ್ಣುಪಾಲು.

ಮೂರು ಗಂಟೆಗೆ ಕೃಷ್ಣಸ್ವಾಮಿ ತಾವೇ ಬಂದರು. ಟೈಪು ಮಾಡಿದ ಒಂದು ಹಾಳೆಯನ್ನು ಸ್ಪೂರ್ತಿಯ ಮುಂದಿಟ್ಟರು. "ಇದನ್ನ ಹಂಗೇ ನಕಲು ಮಾಡಿ ಸೈನ್ ಹಾಕಮ್ಮ. ಎರಡು ವರ್ಷದ ಹಿಂದಿನ ತಾರೀಕು. ಕಪ್ಪು ಪೆನ್ನು."

ಹಾಳೆಯಲ್ಲಿ ಹೀಗಿತ್ತು: 'ದೂರುದಾರರಾದ ಕುಮಾರಿ ಅಕ್ಷತಾ ಇವರು ಸಭೆಗೆ ಖುದ್ದು ಹಾಜರಾಗಿ, ಮಾದರಿಗಳು ಹಾಳಾದದ್ದು ತಮ್ಮದೇ ಅಜಾಗರೂಕತೆಯಿಂದ ಎಂದು ಒಪ್ಪಿಕೊಂಡು, ದೂರನ್ನು ಸ್ವಇಚ್ಛೆಯಿಂದ ಹಿಂಪಡೆದಿರುತ್ತಾರೆ.'

ಸ್ಪೂರ್ತಿ ಅಕ್ಷತಾಳ ಹೆಸರಿನ ಮೇಲೆ ಬೆರಳಿಟ್ಟಳು.

ಅಕ್ಷತಾ ಅಜ್ಜಂಪುರದವಳು. ಬುಕ್ಕಾಂಬುಧಿ ಕೆರೆಯ ಮೀನುಗಳ ಯಕೃತ್ತಿನಲ್ಲಿ ಹೊಲದ ಕೀಟನಾಶಕ ಎಷ್ಟು ಸೇರಿದೆ ಎಂದು ಅಳೆಯುವುದು ಅವಳ ಸಂಶೋಧನೆ. ಎರಡು ವರ್ಷ, ತಿಂಗಳಿಗೆರಡು ಸಲ, ಬೆಸ್ತರ ಜೊತೆ ಕೆರೆಗಿಳಿದು ತಂದದ್ದನ್ನೆಲ್ಲ ವಿಭಾಗದ ಫ್ರೀಜರಿನಲ್ಲಿ ಕೂಡಿಟ್ಟಿದ್ದಳು. ನೂರ ನಲವತ್ತು ಡಬ್ಬಿ. ಆಗ ರಾಷ್ಟ್ರಮಟ್ಟದ ವಿಚಾರ ಸಂಕಿರಣ ಬಂತು. ಅತಿಥಿಗಳಿಗೆ ಐಸ್‌ಕ್ರೀಂ ಬಂತು. ಇಡಲು ಜಾಗವಿರಲಿಲ್ಲ. "ಆ ಮೀನಿನ ಡಬ್ಬಿ ತೆಗೆದು ಆಚೆಗಿಡ್ರಿ" ಎಂದರು ಕೃಷ್ಣಸ್ವಾಮಿ. ಅಕ್ಷತಾ ಅವತ್ತು ಕೆರೆಯ ಹತ್ತಿರವಿದ್ದಳು. ಡಬ್ಬಿಗಳು ಎರಡು ಹಗಲು ವರಾಂಡದಲ್ಲಿ ಕೂತು ಕೊಳೆತವು. ಮೂರನೆಯ ದಿನ ನಾಯಿಗಳು ಎಳೆದಾಡಿದವು. ಮೀನಿನ ಯಕೃತ್ತು ಎರಡು ವರ್ಷ ಮಲಗಿದ್ದ ಫ್ರೀಜರಿನಿಂದ ಐಸ್‌ಕ್ರೀಂ ತೆಗೆದು ತಿಂದ ವಿದ್ವಾಂಸರು ಇನ್ನೊಂದು ಕಪ್ ಕೇಳಿದರು. ಅಕ್ಷತಾ ಲಿಖಿತ ದೂರು ಕೊಟ್ಟಳು. ಯಾರೂ ಕರೆಯಲಿಲ್ಲ, ಯಾರೂ ಕೇಳಲಿಲ್ಲ. ಕೆಲಸ ಮತ್ತೆ ಮೊದಲಿಂದ ಶುರುಮಾಡಲು ಅವಧಿ ವಿಸ್ತರಿಸಲಿಲ್ಲ. ಅವಳು ಪಿಎಚ್‌ಡಿ ಬಿಟ್ಟು ಹೋದಳು.

ಆ ಡಬ್ಬಿಗಳನ್ನು ಫ್ರೀಜರಿನಿಂದ ತೆಗೆದು ಹೊರಗಿಟ್ಟದ್ದು ಊಟೋಪಚಾರ ಸಮಿತಿಯ ಸದಸ್ಯೆ. ಸ್ಪೂರ್ತಿ. ತನ್ನ ಎರಡು ಕೈಯಿಂದ.

"ಸಾರ್, ಈ ಸಭೆ ನಡೀಲಿಲ್ವಲ್ಲ" ಎಂದಳು.

"ಯಾವ್ ಸಭೆ ನಡೆದಿದೆ ಹೇಳು? ಬೆಳಗ್ಗೆ ಗ್ರಂಥಾಲಯದ್ದು ಬರೆದ್ಯಲ್ಲ, ಅದು ನಡೆದಿತ್ತಾ? ಆಗ ನಿನ್ನ ಬಾಯಿ ಬಿದ್ದೋಗಿತ್ತಾ?"

ಅವರು ಹೇಳಿದ್ದು ನಿಜವೇ.

"ಅಕ್ಷತಾ ಒಪ್ಕೊಳ್ಳಿಲ್ಲ ಸಾರ್."

"ಅವಳೇನು ಬಂದು ಓದ್ತಾಳಾ? ಬರಿಯಮ್ಮ. ನಿನ್ನ ಸಿನಾಪ್ಸಿಸ್ಸೂ ಇಲ್ಲೇ ಇದೆ." ಕಂಕುಳಲ್ಲಿದ್ದ ಫೈಲು ತೋರಿಸಿದರು. "ನೀನಿದಕ್ಕೆ ಹಾಕು, ನಾನಿದಕ್ಕೆ ಹಾಕ್ತೀನಿ."

ಸ್ಪೂರ್ತಿ ಕಪ್ಪು ಪೆನ್ನು ತೆಗೆದುಕೊಂಡಳು. ಮೇಜಿನ ಸುತ್ತ ಎಂಟು ಪೆನ್ನುಗಳು ಸರಸರ ಓಡುತ್ತಿದ್ದವು. ಪುಟದ ಮೇಲೆ ಇವತ್ತಿನ ತಾರೀಕು ಹಾಕಿದಳು. ಆಮೇಲೆ ನಿಲ್ಲಿಸದೆ ಬರೆದಳು: 'ಅಕ್ಷತಾ ಸಭೆಗೆ ಬಂದಿರಲಿಲ್ಲ. ಸಭೆಯೇ ನಡೆದಿಲ್ಲ. ಅವಳ ನೂರ ನಲವತ್ತು ಡಬ್ಬಿಗಳನ್ನು ಫ್ರೀಜರಿನಿಂದ ಹೊರಗಿಟ್ಟವಳು ನಾನು. ಐಸ್‌ಕ್ರೀಂ ಕರಗಬಾರದೆಂದು ಮುಖ್ಯಸ್ಥರು ಹೇಳಿದರು. ಅವು ಕೊಳೆಯುತ್ತವೆಂದು ಗೊತ್ತಿದ್ದೂ ನಾನು ಇಟ್ಟೆ.' ಕೆಳಗೆ ಸಹಿ ಹಾಕಿದಳು.

ಕೃಷ್ಣಸ್ವಾಮಿ ಓದಿದರು. ಕೂಗಾಡಲಿಲ್ಲ. ಫೈಲನ್ನು ಮತ್ತೆ ಕಂಕುಳಲ್ಲಿ ಒತ್ತಿಕೊಂಡು, "ತಮ್ಮಯ್ಯ, ಇನ್ನೊಂದು ಪುಸ್ತಕ ತಗೊಂಬಾ. ಈ ಸಮಿತಿದು ಐದೂ ವರ್ಷದ್ದು ಮೊದ್ಲಿಂದ ಬರೀರಿ. ಪ್ರತಿನಿಧಿ ಮೇಧಾ" ಎಂದರು.

ಬೈಗುಳ ಬಂದದ್ದು ಅವರ ಬಾಯಿಂದಲ್ಲ, ಜೊತೆಯವರಿಂದ.

"ಥೂ, ಸತ್ಯವಂತೆ ಬಂದ್ಬಿಟ್ಳು! ಬೆಳಗ್ಗಿಂದ ಬೆರಳು ಬಿದ್ದೋಗೈತೆ" ಎಂದ ಮೋಹನ್.

"ಅವತ್ತು ಡಬ್ಬಿ ಎತ್ತಿಡುವಾಗ ಇಲ್ದಿದ್ದ ಮಾನ ಈಗ ಎಲ್ಲಿಂದ ಬಂತೇ?" ಎಂದಳು ಮೇಧಾ. ಅಷ್ಟರಲ್ಲಾಗಲೇ ಅವಳು ಹೊಸ ಪುಸ್ತಕದಲ್ಲಿ ಗೆರೆ ಎಳೆಯತೊಡಗಿದ್ದಳು. ಅಕ್ಷತಾಳ ಜೊತೆ ಮೂರು ವರ್ಷ ಒಂದೇ ಕೋಣೆಯಲ್ಲಿ ಇದ್ದವಳು ಆಕೆ. ಟೈಪು ಮಾಡಿದ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಒಂದು ಸಲವೂ ನಿಲ್ಲದೆ ನಕಲು ಮಾಡಿ ಮುಗಿಸಿದಳು. ಅಕ್ಷರ ಮುತ್ತಿನಂತಿತ್ತು. ಸ್ಪೂರ್ತಿಗೆ ವಾಂತಿ ಬರುವಂತಾಯಿತು. ಆ ಅಕ್ಷರ ಕಂಡು ಬಂದದ್ದು ಅರ್ಧ, ಬೆಳಿಗ್ಗೆಯಿಂದ ತಾನೂ ಅಷ್ಟೇ ಚೆಂದವಾಗಿ ಬರೆದೆನಲ್ಲ ಎಂದು ಇನ್ನರ್ಧ.

ಅವಳು ತಾನು ಬರೆದ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಳು.

"ಅದು ವಿಭಾಗದ ದಾಖಲೆ ಕಣಮ್ಮ, ಇಡು ಕೆಳಗೆ" ಎಂದರು ಕೃಷ್ಣಸ್ವಾಮಿ. ದನಿ ಮೊದಲ ಸಲ ಏರಿತ್ತು.

"ದಾಖಲೆ ಅಲ್ಲಿ ಮೇಧಾ ಬರೀತಿದಾಳಲ್ಲ ಸಾರ್. ಅದು ನಿಜ ಆದ್ರೆ ಈ ಪುಸ್ತಕ ಇಲ್ಲ. ಇಲ್ದೇ ಇರೋದನ್ನ ನಾನು ಹೆಂಗೆ ತಗೊಂಡ್ ಹೋಗ್ಲಿ?"

ತಡೆಯಲು ತಮ್ಮಯ್ಯನಿಗೆ ಕಣ್ಸನ್ನೆಯಾಯಿತು. ಅವನು ಬಾಗಿಲಿಗೆ ಅಡ್ಡ ಬಂದು ನಿಂತ, ಅವಳ ಮುಖ ನೋಡಿದ, ಪಕ್ಕಕ್ಕೆ ಸರಿದ.

ಅಜ್ಜಂಪುರದ ಬಸ್ಸಿನಲ್ಲಿ ಕೂತಾಗ ನಾಲ್ಕು ಗಂಟೆ ದಾಟಿತ್ತು. ಟಪಾಲು ಹೋಗಿತ್ತು.

ಅಕ್ಷತಾ ಬಸ್ ನಿಲ್ದಾಣದ ಪಕ್ಕದ ಸೈಬರ್ ಸೆಂಟರಿನಲ್ಲಿ ಪಹಣಿ ತೆಗೆದುಕೊಡುವ ಕೆಲಸ ಮಾಡುತ್ತಿದ್ದಳು. ಸ್ಪೂರ್ತಿಯನ್ನು ಕಂಡು ಏಳಲಿಲ್ಲ, ಕೂತ್ಕೋ ಎನ್ನಲಿಲ್ಲ. ನಡೆದದ್ದನ್ನೆಲ್ಲ ಕೇಳಿ, ಪುಸ್ತಕ ತೆರೆದು, ಆ ಪುಟವನ್ನು ಎರಡು ಸಲ ಓದಿದಳು.

"ಡಬ್ಬಿ ಎತ್ತಿಟ್ಟಿದ್ದು ನೀನೇ ಅಂತ ಅವತ್ತೇ ಗೊತ್ತಿತ್ತು ನಂಗೆ. ಐಸ್‌ಕ್ರೀಂ ಬಡಿಸಿದ್ದೂ ನೀನೇ ಅಲ್ವೇನೇ?"

"ಗೊತ್ತಿದ್ರೂ ದೂರಲ್ಲಿ ನನ್ನ ಹೆಸರು ಯಾಕೆ ಬರೀಲಿಲ್ಲ?"

"ನೀನಾಗೇ ಬಂದು ಹೇಳ್ತೀಯ ಅನ್ಕೊಂಡಿದ್ದೆ. ಎರಡು ವಾರ ಕಾದೆ. ಆಮೇಲೆ ನಿನ್ನ ಮುಖ ನೆನೆಸ್ಕೊಂಡ್ರೆ ಆ ವರಾಂಡದ ನಾತ ಬರ್ತಿತ್ತು. ಈಗ್ಲೂ ಬರ್ತೈತೆ."

ಕೌಂಟರಿನ ಮುಂದೆ ಬೀರನಹಳ್ಳಿಯ ಮುದುಕನೊಬ್ಬ ತನ್ನ ಸರ್ವೆ ನಂಬರಿನ ಚೀಟಿ ಹಿಡಿದು ಕಾಯುತ್ತಿದ್ದ. ಅಕ್ಷತಾ ಅವನಿಗೆ ಕೈಸನ್ನೆಯಲ್ಲೇ ತಡೆ ಎಂದು ಹೇಳಿ ಫೋನ್ ಎತ್ತಿಕೊಂಡಳು. ಎರಡು ವರ್ಷದಿಂದ ಅಳಿಸದೆ ಇಟ್ಟಿದ್ದ ನಂಬರು.

"ಸಾರ್, ಅಕ್ಷತಾ ಮಾತಾಡೋದು... ಹೂಂ, ಅದೇ ಅಕ್ಷತಾ. ನಾನು ನಿಮ್ಮ ಸಭೆಗೆ ಖುದ್ದು ಹಾಜರಿದ್ದೆ ಅಂತ ಬರೆಸಿದ್ದೀರಂತೆ. ಸೋಮವಾರ ಆ ತಂಡದೋರ ಮುಂದೇನೂ ಖುದ್ದು ಹಾಜರಾಗ್ತೀನಿ. ಡಬ್ಬಿ ಎತ್ತಿಟ್ಟೋಳನ್ನೂ ಕರ್ಕೊಂಡ್ ಬತ್ತೀನಿ."